ವೈದ್ಯರ ಜೀವನಚಿತ್ರಗಳು

ನಿಜವಾಗಿ ಬಾಳಿದ ಅಥವಾ ಬಾಳುತ್ತಿರುವ ವೈದ್ಯರೊಬ್ಬರ ಬದುಕನ್ನು ಆಧರಿಸಿ ತೆಗೆದ ಕಥಾಚಿತ್ರವನ್ನು ವೈದ್ಯರ ಜೀವನಚಿತ್ರ ಎನ್ನಬಹುದು. ಆಸ್ಪತ್ರೆಯಲ್ಲಿ ನಡೆಯುವ ಕಥೆಗಳೆಲ್ಲ ಈ ಗುಂಪಿಗೆ ಸೇರುವುದಿಲ್ಲ. ಈ ಪ್ರಕಾರದಲ್ಲಿ ಜನ ಹೆಚ್ಚು ಮೆಚ್ಚುವುದು ಕಷ್ಟದ ಬಾಲ್ಯದಿಂದ ಮೇಲೆ ಬಂದು ವೈದ್ಯರಾದವರ ಕಥೆಯನ್ನು. ಚಿಮಿಣಿ ದೀಪದ ಓದು, ತಾಯಿಯ ದುಡಿಮೆ, ಕಟ್ಟಲಾಗದ ಫೀಸು, ನಡುವೆ ಕೈ ಹಿಡಿದ ಒಬ್ಬ ಮಾಷ್ಟ್ರು, ಕೊನೆಗೆ ಬಿಳಿ ಕೋಟು: ದೇಶ ಯಾವುದಾದರೂ ಮೆಟ್ಟಿಲುಗಳು ಹೆಚ್ಚುಕಡಿಮೆ ಇವೇ. ತೊಡಕು ಶುರುವಾಗುವುದು ಕೋಟು ತೊಟ್ಟ ಮೇಲೆ. ಹಸಿದ ಹುಡುಗನನ್ನು ತೋರಿಸಿದರೆ ಪ್ರೇಕ್ಷಕರ ಕಣ್ಣು ತಾನಾಗಿ ಒದ್ದೆಯಾಗುತ್ತದೆ. ರೋಗ ಏನೆಂದು ತಿಳಿಯದೆ ಕಾಯುವುದು, ಅನುಮಾನ ಬಂದದ್ದನ್ನು ಬರೆದಿಡುವುದು, ಒಂದೇ ಊರಿನಲ್ಲಿ ಇಡೀ ಆಯುಸ್ಸು ರೋಗಿಗಳನ್ನು ನೋಡುವುದು ತೆರೆಗೆ ಸುಲಭವಾಗಿ ಒಗ್ಗುವುದಿಲ್ಲ. ಹೀಗಾಗಿ ಈ ಚಿತ್ರಗಳಲ್ಲಿ ಹಲವು ಬಾಲ್ಯಕ್ಕೆ ಧಾರಾಳವಾಗಿ ಸಮಯ ಕೊಟ್ಟು ವೈದ್ಯಕೀಯಕ್ಕೆ ಬಂದಾಗ ಕೈ ಬಿಗಿ ಹಿಡಿಯುತ್ತವೆ. ಈ ಲೇಖನ ಪ್ರಕಾರದ ಮುಖ್ಯ ಚಿತ್ರಗಳನ್ನು ಪರಿಚಯಿಸಿ, ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ಇಂಥ ಚಿತ್ರಕ್ಕೆ ಇರುವ ಸಾಮಗ್ರಿಯನ್ನು ನೋಡುತ್ತದೆ.

ಮೊದಲ ಚಿತ್ರಗಳು

ಹಾಲಿವುಡ್ಡಿನಲ್ಲಿ ಈ ಬಗೆಗೆ ಮರ್ಯಾದೆ ತಂದದ್ದು 1936ರ ‘ದಿ ಸ್ಟೋರಿ ಆಫ್ ಲೂಯಿ ಪಾಸ್ಚರ್’. ನಿರ್ದೇಶಕ ವಿಲಿಯಂ ಡೀಟರ್ಲೆ. ಪಾಸ್ಚರ್ ಪಾತ್ರಕ್ಕೆ ಪಾಲ್ ಮುನಿ ಅವರಿಗೆ ಆಸ್ಕರ್ ಬಂತು. ಚರ್ಮ ಹದಮಾಡುವವನ ಮಗನಾದ ಪಾಸ್ಚರ್ ರಸಾಯನಶಾಸ್ತ್ರಜ್ಞ, ವೈದ್ಯನಲ್ಲ. ವೈದ್ಯರು ಅವನ ಮಾತು ಕೇಳದೆ ಹೋದದ್ದೇ ಚಿತ್ರದ ಕಥೆ. ವೈದ್ಯ ಎರ್ಲಿಚ್ ಬಗ್ಗೆ ಅದೇ ನಿರ್ದೇಶಕರು 1940ರಲ್ಲಿ ತೆಗೆದ ಚಿತ್ರ ಸಿಫಿಲಿಸ್ ಮದ್ದಿನ ಕಥೆ ಹೇಳಿತು. ಆ ರೋಗದ ಹೆಸರೆತ್ತುವುದೇ ನಾಚಿಕೆಯಾಗಿದ್ದ ಕಾಲದಲ್ಲಿ ಅದು ಸಣ್ಣ ಧೈರ್ಯವೇನೂ ಆಗಿರಲಿಲ್ಲ.

ಭಾರತದಲ್ಲಿ ಮೊದಲು ಹೆಸರಿಸಬೇಕಾದದ್ದು ವಿ. ಶಾಂತಾರಾಂ ಅವರ ‘ಡಾ. ಕೋಟ್ನಿಸ್ ಕೀ ಅಮರ್ ಕಹಾನಿ’ (1946). ಕಥೆ ಖ್ವಾಜಾ ಅಹ್ಮದ್ ಅಬ್ಬಾಸ್ ಅವರ ಪುಸ್ತಕದ್ದು, ಸಂಗೀತ ವಸಂತ ದೇಸಾಯಿ ಅವರದು; ಮುಖ್ಯ ಪಾತ್ರದಲ್ಲಿ ಶಾಂತಾರಾಂ ಅವರೇ ನಟಿಸಿದರು. ದ್ವಾರಕಾನಾಥ ಕೋಟ್ನಿಸ್ ಹುಟ್ಟಿದ್ದು 1910ರಲ್ಲಿ ಸೊಲ್ಲಾಪುರದಲ್ಲಿ. ಕನ್ನಡ, ಮರಾಠಿ, ತೆಲುಗು ಮೂರೂ ಕೇಳಿಬರುವ ಗಡಿಯೂರು ಅದು. ಮುಂಬಯಿಯಲ್ಲಿ ವೈದ್ಯಕೀಯ ಓದಿ, 1938ರಲ್ಲಿ ಕಾಂಗ್ರೆಸ್ ಚೀನಾಕ್ಕೆ ಕಳಿಸಿದ ಐವರು ವೈದ್ಯರ ತಂಡದಲ್ಲಿ ಹೊರಟರು. ಊರಿನಿಂದ ತಂದೆಯ ಸಾವಿನ ಸುದ್ದಿ ಬಂದಾಗಲೂ ಮರಳಲಿಲ್ಲ. ಉಳಿದ ನಾಲ್ವರು ಹಿಂದಿರುಗಿದರು. ಕೋಟ್ನಿಸ್ ಅಲ್ಲೇ ನಿಂತು, ಬೆಥೂನ್ ಎಂಬ ವೈದ್ಯರ ಹೆಸರಿನ ಆಸ್ಪತ್ರೆಯ ಮುಖ್ಯಸ್ಥರಾಗಿ, ಗುವೊ ಚಿಂಗ್‌ಲಾನ್ ಎಂಬ ದಾದಿಯನ್ನು ಮದುವೆಯಾಗಿ, 1942ರ ಡಿಸೆಂಬರ್ 9ರಂದು 32ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಚಿತ್ರ ಬಂದದ್ದು ಅವರು ಸತ್ತು ನಾಲ್ಕು ವರ್ಷಕ್ಕೆ. ನೆನಪು ಇನ್ನೂ ಹಸಿಯಾಗಿತ್ತು. ಆದರೂ ಚಿತ್ರದ ಕೋಟ್ನಿಸ್ ಪ್ಲೇಗಿಗೆ ಮದ್ದು ಹುಡುಕುತ್ತ ಆ ರೋಗದ ಬಾಯಿಗೇ ಬೀಳುತ್ತಾರೆ. ನಿಜವಾದ ಕೋಟ್ನಿಸ್ ಅಪಸ್ಮಾರದಿಂದ ಸತ್ತರು. ಹಗಲಿರುಳು ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡಿ ದಣಿದು, ಮೂರ್ಛೆರೋಗ ಉಲ್ಬಣಿಸಿ ಸಾಯುವುದು ಸಿನಿಮಾಕ್ಕೆ ಸಾಲದಾಯಿತು. ವೈದ್ಯನ ನಿಜವಾದ ಕೆಲಸವನ್ನು ಬದಿಗಿಟ್ಟು ಪವಾಡವೊಂದನ್ನು ತಂದು ಕೂರಿಸುವ ಈ ಅಭ್ಯಾಸ ಆಮೇಲಿನ ಚಿತ್ರಗಳಿಗೂ ಅಂಟಿಕೊಂಡಿತು.

ಬಾಲ್ಯದ ಪಾಲು

ಕಷ್ಟದ ಬಾಲ್ಯದ ಕಥೆಗೆ ಇತ್ತೀಚಿನ ಮಾದರಿಯೆಂದು ಹಲವರು ಎಣಿಸುವುದು ಅಮೆರಿಕದ ದೂರದರ್ಶನ ಚಿತ್ರ ‘ಗಿಫ್ಟೆಡ್ ಹ್ಯಾಂಡ್ಸ್’ (2009). ನರಶಸ್ತ್ರಚಿಕಿತ್ಸಕ ಬೆನ್ ಕಾರ್ಸನ್ ಪಾತ್ರದಲ್ಲಿ ಕ್ಯೂಬಾ ಗುಡಿಂಗ್ ಜೂನಿಯರ್. ಡೆಟ್ರಾಯಿಟ್ ನಗರದಲ್ಲಿ ಮನೆಗೆಲಸ ಮಾಡಿ ಇಬ್ಬರು ಗಂಡುಮಕ್ಕಳನ್ನು ಸಾಕಿದ ತಾಯಿ ವಾರಕ್ಕೆ ಎರಡು ಪುಸ್ತಕ ಓದಿ ಬರೆದುಕೊಡಲು ಕಟ್ಟುನಿಟ್ಟು ಮಾಡುತ್ತಾಳೆ. ಮಕ್ಕಳು ಬರೆದದ್ದನ್ನು ಓದಲು ತಾಯಿಗೇ ಬಾರದು. ಚಿತ್ರದ ಜೀವ ಇರುವುದು ಇಲ್ಲಿ. ತೆರೆಯ ಮೇಲಿನ ದೊಡ್ಡ ಘಟನೆ ಮಾತ್ರ 1987ರ ಶಸ್ತ್ರಚಿಕಿತ್ಸೆ: ತಲೆ ಅಂಟಿಕೊಂಡು ಹುಟ್ಟಿದ ಜರ್ಮನಿಯ ಅವಳಿ ಶಿಶುಗಳನ್ನು 70 ಜನರ ತಂಡ 22 ಗಂಟೆ ದುಡಿದು ಬೇರ್ಪಡಿಸಿತು. ಆ ಮಕ್ಕಳಿಬ್ಬರೂ ಮುಂದೆ ತೀವ್ರ ನ್ಯೂನತೆಗಳೊಂದಿಗೆ ಬದುಕಬೇಕಾಯಿತು. ಚಪ್ಪಾಳೆ ತಟ್ಟಿಸಿಕೊಳ್ಳುವ ಚಿತ್ರದಲ್ಲಿ ಆ ಸಂಗತಿಗೆ ಜಾಗ ಸಿಗುವುದು ಕಷ್ಟ.

ಬದುಕಿರುವವರ ಬಗ್ಗೆ ಚಿತ್ರ ತೆಗೆದರೆ ಇನ್ನೊಂದು ಇಕ್ಕಟ್ಟು. ಬಾಲ್ಯದ ಕಷ್ಟಕ್ಕೆ ಹಲವು ಬಾರಿ ನಾಯಕನ ಮಾತೇ ಸಾಕ್ಷಿ. ಕಾರ್ಸನ್ 2015ರಲ್ಲಿ ಅಧ್ಯಕ್ಷ ಪದವಿಯ ಉಮೇದುವಾರಿಕೆಗೆ ಇಳಿದಾಗ ಪತ್ರಕರ್ತರು ಅವರ ಆತ್ಮಕಥೆಯ ಬಾಲ್ಯದ ಕೆಲವು ಪ್ರಸಂಗಗಳನ್ನು ಪ್ರಶ್ನಿಸಿದರು. ಅವರು ತಮ್ಮ ಮಾತಿಗೇ ಅಂಟಿಕೊಂಡರು. ಸಿನಿಮಾ ಆ ಹೊತ್ತಿಗೆ ಹಳೆಯದಾಗಿತ್ತು, ಅದರಲ್ಲಿನ ಬಾಲ್ಯ ನೋಡುಗರ ಮಟ್ಟಿಗೆ ಇತಿಹಾಸವಾಗಿತ್ತು.

ಇದಕ್ಕಿಂತ ಗಟ್ಟಿ ಕೃತಿ ‘ಸಂಥಿಂಗ್ ದ ಲಾರ್ಡ್ ಮೇಡ್’ (2004). ಬಡಗಿ ಕೆಲಸ ಬಲ್ಲ ಕಪ್ಪು ಜನಾಂಗದ ಯುವಕ ವಿವಿಯನ್ ಥಾಮಸ್ ಕಾಲೇಜಿಗೆಂದು ಕೂಡಿಟ್ಟ ಹಣ ಆರ್ಥಿಕ ಕುಸಿತದಲ್ಲಿ ಬ್ಯಾಂಕಿನೊಂದಿಗೆ ಮುಳುಗಿತು. ಶಸ್ತ್ರವೈದ್ಯ ಆಲ್ಫ್ರೆಡ್ ಬ್ಲೇಲಾಕ್ ಅವರ ಪ್ರಯೋಗಶಾಲೆಗೆ ಸಹಾಯಕನಾಗಿ ಸೇರಿದ. ಹುಟ್ಟುವಾಗಲೇ ಹೃದಯದ ತೊಂದರೆಯಿಂದ ಮೈ ನೀಲಿಗಟ್ಟುವ ಮಕ್ಕಳಿಗೆ ಮಾಡುವ ಶಸ್ತ್ರಚಿಕಿತ್ಸೆಯನ್ನು ನಾಯಿಗಳ ಮೇಲೆ ಮಾಡಿ ಪಳಗಿದ್ದು ಅವನ ಕೈ. 1944ರ ನವೆಂಬರಿನಲ್ಲಿ ಮೊದಲ ಮಗುವಿಗೆ ಬ್ಲೇಲಾಕ್ ಕತ್ತರಿ ಹಿಡಿದಾಗ ಥಾಮಸ್ ಹಿಂದೆ ನಿಂತು ಹೇಳಿಕೊಡುತ್ತಿದ್ದ. ವೈದ್ಯ ಪದವಿ ಅವನಿಗೆ ಸಿಗಲೇ ಇಲ್ಲ. 1976ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಮೇಲೇರುವ ಏಣಿಯ ನಡುವಿನ ಮೆಟ್ಟಿಲನ್ನು ಯಾರೋ ಕಿತ್ತಿಟ್ಟಿದ್ದಾರೆಂಬುದನ್ನು ಚಿತ್ರ ಮುಚ್ಚಿಡುವುದಿಲ್ಲ. ಹೊಲಿಗೆ, ಕತ್ತರಿ, ರಕ್ತನಾಳ ಜೋಡಿಸುವ ಕಸುಬು ಇಲ್ಲಿ ಕಥೆಯೇ ಆಗಿದೆ.

ಸಾಕ್ಷ್ಯಚಿತ್ರಗಳು ಈ ಸಮತೋಲವನ್ನು ಹೆಚ್ಚು ಚೆನ್ನಾಗಿ ಸಾಧಿಸಿವೆ. 2020ರ ‘ದ ಸರ್ಜನ್ಸ್ ಕಟ್’ ಸರಣಿಯ ನಾಲ್ವರು ವೈದ್ಯರಲ್ಲಿ ಒಬ್ಬರು ಮೆಕ್ಸಿಕೊದ ಗಡಿಬೇಲಿ ಹಾರಿ ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಕೂಲಿ ಮಾಡಿ ನರಶಸ್ತ್ರಚಿಕಿತ್ಸಕರಾದ ಆಲ್ಫ್ರೆಡೊ ಕಿನ್ಯೋನೆಸ್. ಇನ್ನೊಬ್ಬರು ದಕ್ಷಿಣ ಕನ್ನಡದ ಕಿನ್ನಿಗೋಳಿಯವರಾದ ಹೃದಯತಜ್ಞ ದೇವಿ ಶೆಟ್ಟಿ.

ಮೊದಲ ಮಹಿಳೆಯರು

ಹೆಣ್ಣುಮಕ್ಕಳ ಕಥೆಯಲ್ಲಿ ಬಾಲ್ಯದ ಕಷ್ಟವನ್ನು ವೈದ್ಯಕೀಯದಿಂದ ಬೇರ್ಪಡಿಸಲು ಬರುವುದಿಲ್ಲ. ಆದ್ದರಿಂದಲೋ ಏನೋ ಈ ಚಿತ್ರಗಳು ಸಾಮಾನ್ಯವಾಗಿ ಹೆಚ್ಚು ಬಿಗಿಯಾಗಿವೆ. ಸಮೀರ್ ವಿದ್ವಾಂಸ ನಿರ್ದೇಶಿಸಿದ ಮರಾಠಿಯ ‘ಆನಂದಿ ಗೋಪಾಳ’ (2019) ಆನಂದಿಬಾಯಿ ಜೋಶಿಯವರ ಕಥೆ. 1865ರಲ್ಲಿ ಹುಟ್ಟಿದ ಅವರಿಗೆ ಒಂಬತ್ತಕ್ಕೆ ಮದುವೆಯಾಯಿತು; ಹದಿನಾಲ್ಕಕ್ಕೆ ಹೆತ್ತ ಕೂಸು ಹತ್ತೇ ದಿನ ಬದುಕಿತು. ಆ ಸಾವೇ ಅವರನ್ನು ವೈದ್ಯಕೀಯಕ್ಕೆ ತಿರುಗಿಸಿತು. 1886ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಎಂ.ಡಿ. ಪಡೆದು ಕೊಲ್ಲಾಪುರದ ಆಸ್ಪತ್ರೆಗೆ ನೇಮಕವಾದರು. 1887ರ ಫೆಬ್ರವರಿಯಲ್ಲಿ ಕ್ಷಯದಿಂದ ಸತ್ತಾಗ 22 ತುಂಬಿರಲಿಲ್ಲ. ಬಾಲ್ಯವಿವಾಹವನ್ನು ಒಪ್ಪದೆ ಕೋರ್ಟಿನಲ್ಲಿ ಹೋರಾಡಿ, ಲಂಡನ್ನಿನಲ್ಲಿ ಓದಿ, ಸೂರತ್ ಮತ್ತು ರಾಜಕೋಟೆಗಳಲ್ಲಿ ಮೂರು ದಶಕಕ್ಕೂ ಮಿಕ್ಕಿ ವೈದ್ಯರಾಗಿದ್ದ ರಖಮಾಬಾಯಿಯವರ ಬಗ್ಗೆ ಅನಂತ್ ಮಹಾದೇವನ್ ಅವರ ಚಿತ್ರ 2016ರದು. ವೈದ್ಯವೃತ್ತಿಯ ದೃಷ್ಟಿಯಿಂದ ರಖಮಾಬಾಯಿಯವರದು ದೊಡ್ಡ ಬದುಕು, ಆದರೆ ಹೆಚ್ಚು ಜನ ಬಲ್ಲದ್ದು ಆನಂದಿಬಾಯಿಯವರನ್ನು. ಎಳೆಯ ಸಾವಿನತ್ತ ಕಥೆಗಾರರಿಗೆ ಇರುವ ಸೆಳೆತ ಹಾಗೆ.

ಮತ್ತೆ ಗಂಡಸರ ಕಥೆಗೆ ಬಂದರೆ, ಸೋಲನ್ನೇ ವಸ್ತುವಾಗಿಸಿದ ಚಿತ್ರ ತಪನ್ ಸಿನ್ಹಾ ಅವರ ‘ಏಕ್ ಡಾಕ್ಟರ್ ಕೀ ಮೌತ್’ (1990). ಕೋಲ್ಕತ್ತದಲ್ಲಿ 1978ರ ಅಕ್ಟೋಬರಿನಲ್ಲಿ ಪ್ರನಾಳ ಶಿಶುವಿನ ಜನನಕ್ಕೆ ಕಾರಣರಾಗಿ, ಸರ್ಕಾರಿ ಸಮಿತಿಯ ಅವಹೇಳನಕ್ಕೆ ಗುರಿಯಾಗಿ, 1981ರಲ್ಲಿ ಆತ್ಮಹತ್ಯೆ ಮಾಡಿಕೊಂಡ ಸುಭಾಷ್ ಮುಖೋಪಾಧ್ಯಾಯರ ಬದುಕು ಇದರ ಮೂಲ. ಚಿತ್ರದಲ್ಲಿ ಹೆಸರೂ ಬೇರೆ, ಸಂಶೋಧನೆಯೂ ಕುಷ್ಠದ ಲಸಿಕೆ. ಪಂಕಜ್ ಕಪೂರ್ ಅವರ ವೈದ್ಯನ ಬಾಲ್ಯ ನಮಗೆ ಗೊತ್ತಾಗುವುದೇ ಇಲ್ಲ. ಗೊತ್ತಾಗಬೇಕೆಂದು ಅನಿಸುವುದೂ ಇಲ್ಲ.

ಕನ್ನಡದಲ್ಲಿ

ಕನ್ನಡ ಸಿನಿಮಾ ಜೀವನಚಿತ್ರಕ್ಕೆ ಹೊಸತಲ್ಲ. ಕಷ್ಟದ ಬಾಲ್ಯದ ಮಾದರಿಗೆ ಅತ್ಯಂತ ಹತ್ತಿರದ್ದು ಕುರುಡು ಬಾಲಕ ಗಾಯಕನಾಗುವ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ (1995). ಹಂಸಲೇಖ ಅವರ ಸಂಗೀತಕ್ಕೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಗಾಯನಕ್ಕೂ ಅದು ರಾಷ್ಟ್ರಪ್ರಶಸ್ತಿ ತಂದಿತು. ಉದ್ಯಮಿ ವಿಜಯ ಸಂಕೇಶ್ವರರ ಬಗ್ಗೆ ‘ವಿಜಯಾನಂದ’ (2022) ಬಂತು. ಸಂತರು, ರಾಜರು, ಗಾಯಕರು, ಉದ್ಯಮಿಗಳ ಸಾಲಿನಲ್ಲಿ ವೈದ್ಯರು ಹಿಂದುಳಿದಿದ್ದಾರೆ. ನೆನಪಿನಲ್ಲಿ ಉಳಿದ ಕನ್ನಡದ ತೆರೆವೈದ್ಯರು ಕಲ್ಪಿತರು: ‘ಮಾನಸ ಸರೋವರ’ದಲ್ಲಿ (1982) ರೋಗಿಯನ್ನೇ ಪ್ರೀತಿಸಿ ತಾನೇ ಮನೋರೋಗಿಯಾಗುವ ಶ್ರೀನಾಥ್, ‘ಆಪ್ತಮಿತ್ರ’ದ (2004) ವಿಷ್ಣುವರ್ಧನ್.

ಸಾಮಗ್ರಿಗೆ ಬರವಿಲ್ಲ. ಬೀಳಗಿಯಲ್ಲಿ ಹುಟ್ಟಿದ ಎಂ.ಸಿ. ಮೋದಿ ಊರೂರಲ್ಲಿ ಕಣ್ಣಿನ ಶಿಬಿರ ಹಾಕಿ, ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿ ಗಿನ್ನೆಸ್ ದಾಖಲೆ ಸೇರಿದರು. ಒಟ್ಟು 6 ಲಕ್ಷ ದಾಟಿದವು. ಜನ ಅವರನ್ನು ‘ಕಣ್ಣು ಕೊಟ್ಟ ಅಣ್ಣ’ ಎಂದರು. ಕಲಬುರಗಿಯ ಕೊಳೆಗೇರಿಯಲ್ಲಿ ಬೆಳೆದು, ತರಕಾರಿ ಮಾರುವ ತಾಯಿಯ ದುಡಿಮೆಯಲ್ಲಿ ಓದಿ, ಬೆಂಗಳೂರಿನ ಕಿದ್ವಾಯಿ ಗಂಥಿ ಸಂಸ್ಥೆಯ ನಿರ್ದೇಶಕರ ಹುದ್ದೆಗೇರಿದ ವಿಜಯಲಕ್ಷ್ಮಿ ದೇಶಮಾನೆಯವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಕ್ಯಾನ್ಸರ್ ಶಸ್ತ್ರವೈದ್ಯರೊಬ್ಬರ ದಿನಚರಿಯನ್ನು ತೆರೆಗೆ ತರುವ ಎದೆಗಾರಿಕೆ ಇರುವವರಿಗೆ ಇದಕ್ಕಿಂತ ಒಳ್ಳೆಯ ವಸ್ತು ಸಿಗಲಾರದು. ಬರೀ ತರಕಾರಿ ಬುಟ್ಟಿಯನ್ನೇ ಎರಡು ಗಂಟೆ ತೋರಿಸಿದರೆ ಅದು ಪೋಲಾಗುತ್ತದೆ.

ಪುತ್ತೂರು, ಸುಳ್ಯ, ಕಡಬ

ಪಶ್ಚಿಮಘಟ್ಟದ ಬುಡದಲ್ಲಿ ಕುಮಾರಧಾರಾ ಮತ್ತು ಪಯಸ್ವಿನಿ ಹರಿಯುವ ಈ ಮೂರು ತಾಲ್ಲೂಕುಗಳು ಹಿಂದೆ ಒಂದೇ ಪುತ್ತೂರು ತಾಲ್ಲೂಕು. ಸುಳ್ಯ ಮೊದಲು ಬೇರೆಯಾಯಿತು. ಪುತ್ತೂರು, ಸುಳ್ಯಗಳಿಂದ ಗ್ರಾಮಗಳನ್ನು ತೆಗೆದು ಕಡಬ ತಾಲ್ಲೂಕು ಆದದ್ದು 2018ರ ಸುಮಾರಿಗೆ.

ಸಿನಿಮಾದ ನಂಟು ಇಲ್ಲಿ ಹಳೆಯದು. ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು ಕನ್ನಡ ಮಾತಿನ ಚಿತ್ರ ಹುಟ್ಟುವ ಮೊದಲೇ ‘ಡೊಮಿಂಗೊ’ (1930), ‘ಭೂತರಾಜ್ಯ’ (1931) ಎಂಬ ಮೂಕಿ ಚಿತ್ರಗಳನ್ನು ತೆಗೆದಿದ್ದರು. ಘಟ್ಟದ ಕುಡಿಯರ ಬದುಕಿನ ‘ಕುಡಿಯರ ಕೂಸು’ ಕಾದಂಬರಿಯನ್ನು ಎಪ್ಪತ್ತರ ದಶಕದ ಕೊನೆಯಲ್ಲಿ ತಾವೇ ‘ಮಲೆಯ ಮಕ್ಕಳು’ ಹೆಸರಿನಲ್ಲಿ ನಿರ್ದೇಶಿಸಿದರು. ಸುಬ್ರಹ್ಮಣ್ಯದ ಆಸುಪಾಸಿನ ಕಾಡಿನಲ್ಲಿ ಅಡಿಕೆ ತೋಟ ಕಟ್ಟಿದ ಗೋಪಾಲಯ್ಯನವರ ಕಥೆ ಹೇಳುವ ಕಾರಂತರ ‘ಬೆಟ್ಟದ ಜೀವ’ವನ್ನು ಪಿ. ಶೇಷಾದ್ರಿ ತೆರೆಗೆ ತಂದು 2010ನೇ ಸಾಲಿನ ಪರಿಸರ ಸಂರಕ್ಷಣೆಯ ರಾಷ್ಟ್ರಪ್ರಶಸ್ತಿ ಪಡೆದರು.

ವೈದ್ಯರ ಕಥೆಗೆ ಬಂದರೆ, ಈ ಸೀಮೆಯ ಹುಡುಗ ಡಾಕ್ಟರಾಗುವ ದಾರಿ ಯಾವ ಕಾಲದ್ದು ಎಂಬುದು ಚಿತ್ರಕಥೆಯನ್ನೇ ಬದಲಿಸುತ್ತದೆ. 1956ರ ತನಕ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ವೈದ್ಯಕೀಯ ಓದಲು ರೈಲು ಹತ್ತಿ ಅಲ್ಲಿಗೇ ಹೋಗಬೇಕಿತ್ತು. 1953ರಲ್ಲಿ ಟಿ.ಎಂ.ಎ. ಪೈ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದಾಗ ದೂರ ಕಡಿಮೆಯಾಯಿತು, ಖರ್ಚು ಆಗಲಿಲ್ಲ. ಪುತ್ತೂರಿನಲ್ಲಿ ಸಂತ ಫಿಲೋಮಿನಾ (1958) ಮತ್ತು ವಿವೇಕಾನಂದ (1965) ಕಾಲೇಜುಗಳು ಬಂದ ಮೇಲೆ ಹಳ್ಳಿಯ ಮಕ್ಕಳಿಗೆ ಕಾಲೇಜು ಮೆಟ್ಟಿಲು ಹತ್ತುವುದು ಸಾಧ್ಯವಾಯಿತು. ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರು 1976ರಲ್ಲಿ ನೆಹರು ಮೆಮೋರಿಯಲ್ ಕಾಲೇಜು, 1986ರಲ್ಲಿ ಎಂಜಿನಿಯರಿಂಗ್ ಕಾಲೇಜು ಕಟ್ಟಿ, ಮುಂದೆ ದಂತ, ಆಯುರ್ವೇದ, ವೈದ್ಯಕೀಯ ಕಾಲೇಜುಗಳನ್ನೂ ತಂದರು. ಊರವರು ‘ಡಾಕ್ಟರ್ ಕುರುಂಜಿ’ ಎಂದು ಕರೆಯುವ ಅವರು ಮದ್ದು ಕೊಡುವ ವೈದ್ಯರಾಗಿರಲಿಲ್ಲ. ಆದರೆ ಮಳೆಗಾಲದಲ್ಲಿ ಲೋಕದಿಂದ ಕಡಿದುಹೋಗುತ್ತಿದ್ದ ಪೇಟೆಯಲ್ಲಿ ಬೋಧನಾ ಆಸ್ಪತ್ರೆ ನಿಂತದ್ದು ಅವರ ಹಟದಿಂದ.

ಕಡಿದುಹೋಗುವುದು ಎಂದರೇನು ಎಂಬುದನ್ನು ಚಿತ್ರ ತೆಗೆಯುವವರು ತಿಳಿದಿರಬೇಕು. ಮಳೆಗಾಲದ ಆಟಿ ತಿಂಗಳಲ್ಲಿ ತೋಡು ಉಕ್ಕಿ ಅಡಿಕೆ ಮರದ ಕಾಲುಸಂಕ ತೇಲಿಹೋದರೆ ಹೆರಿಗೆ ನೋವಿನ ಹೆಂಗಸೂ ಹಾವು ಕಚ್ಚಿದ ಕೂಲಿಯಾಳೂ ಆಚೆ ದಡದಲ್ಲೇ. ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು; ನೂರಕ್ಕೂ ಮಿಕ್ಕಿ ಸೇತುವೆಗಳ ಬಳಿಕ 2017ರಲ್ಲಿ ಪದ್ಮಶ್ರೀ ಬಂತು. ಆಸ್ಪತ್ರೆಯ ಕಥೆಗೆ ಸೇತುವೆಯ ಕಥೆ ಇಲ್ಲಿ ಹೊರಗಿನದಲ್ಲ. ಹಾಗೆಯೇ ತಾಯಿಯ ದುಡಿಮೆ ಎಂದೊಡನೆ ಹೊಲಿಗೆ ಯಂತ್ರ ತಂದಿಡುವ ಅಗತ್ಯವಿಲ್ಲ. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ ಬೀಡಿ ಕಟ್ಟಿ ಕಂಪನಿಯ ಬ್ರಾಂಚಿಗೆ ಕೊಟ್ಟು ಬಂದ ದುಡ್ಡಿನಲ್ಲೇ ಈ ಜಿಲ್ಲೆಯ ಎಷ್ಟೋ ಮಕ್ಕಳು ಓದಿದ್ದಾರೆ. ಎದೆಗೂಡಿನ ರೋಗ ನೋಡುವ ವೈದ್ಯನ ಓದಿಗೆ ಬೀಡಿಯ ದುಡ್ಡು ಹೋಗಿರುವ ಸಾಧ್ಯತೆಯನ್ನು ಚಿತ್ರಕಥೆಗಾರರು ಗಮನಿಸಬಹುದು.

ಈ ಸೀಮೆಯ ಕಷ್ಟದ ಬಾಲ್ಯವೊಂದು ವೈದ್ಯಕೀಯದ ಜೊತೆ ಬೇರೆ ರೀತಿಯಲ್ಲಿ ಕೂಡಿಕೊಂಡಿತು. ಸುಬ್ರಹ್ಮಣ್ಯದ ಹತ್ತಿರದ ಕುಳಕುಂದದಲ್ಲಿ 1924ರಲ್ಲಿ ಹುಟ್ಟಿದ ಶಿವರಾಯ, ಮುಂದೆ ನಿರಂಜನ ಎಂಬ ಹೆಸರಿನ ಕಾದಂಬರಿಕಾರ, ತಾಯಿಯ ಆಸರೆಯಲ್ಲಿ ಬೆಳೆದು ಸುಳ್ಯದಲ್ಲೂ ಆಮೇಲೆ ನೀಲೇಶ್ವರದಲ್ಲೂ ಓದಿದರು. ಕಯ್ಯೂರಿನ ರೈತ ಹೋರಾಟದ ‘ಚಿರಸ್ಮರಣೆ’ (1955) ಅವರದು. ಅದೇ ಹೋರಾಟದ ಬಗ್ಗೆ ಲೆನಿನ್ ರಾಜೇಂದ್ರನ್ 1986ರಲ್ಲಿ ಮಲಯಾಳದಲ್ಲಿ ಚಿತ್ರ ಮಾಡಿದರು. ನಿರಂಜನರ ಕೈಹಿಡಿದ ಅನುಪಮಾ ತೀರ್ಥಹಳ್ಳಿಯಲ್ಲಿ ಹುಟ್ಟಿದ ವೈದ್ಯೆ. ಧಾರವಾಡ ಮತ್ತು ಬೆಂಗಳೂರಿನಲ್ಲಿ ರೋಗಿಗಳನ್ನು ನೋಡುತ್ತಲೇ ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’ಯಂಥ ಪುಸ್ತಕಗಳಿಂದ ಬಸುರಿ ಬಾಣಂತಿಯರಿಗೆ ಕನ್ನಡದಲ್ಲಿ ಧೈರ್ಯ ಕೊಟ್ಟರು. ಅವರ ‘ಋಣಮುಕ್ತಳು’ವನ್ನು ಪುಟ್ಟಣ್ಣ ಕಣಗಾಲ್ 1984ರಲ್ಲಿ ಚಿತ್ರವಾಗಿಸಿದರು. ಪಾರ್ಶ್ವವಾಯು ಹೊಡೆದ ನಿರಂಜನರು 25 ಸಂಪುಟಗಳ ‘ವಿಶ್ವಕಥಾಕೋಶ’ ಸಂಪಾದಿಸುತ್ತಿದ್ದ ಮನೆಯಲ್ಲೇ ಅನುಪಮಾ ಕ್ಯಾನ್ಸರಿನೊಂದಿಗೆ ಸೆಣಸಿ 1991ರಲ್ಲಿ ತೀರಿಕೊಂಡರು. ವೈದ್ಯೆಯೇ ರೋಗಿ, ವೈದ್ಯೆಯೇ ಆರೈಕೆ ಮಾಡುವಾಕೆ: ಅವರ ಆತ್ಮಕಥನ ‘ನೆನಪು ಸಿಹಿ-ಕಹಿ’ ಇಂಥ ಚಿತ್ರಕ್ಕೆ ಕಾದಿರುವ ಪುಸ್ತಕ.

ವಾಣೀನಗರದ ಚಿಕಿತ್ಸಾಲಯ

ಪುತ್ತೂರಿನಿಂದ ತುಸು ದೂರ, ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮ. ಅಲ್ಲಿನ ವಾಣೀನಗರದಲ್ಲಿ ಎಂಬತ್ತರ ದಶಕದ ಆರಂಭದಿಂದ ರೋಗಿಗಳನ್ನು ನೋಡುತ್ತ ಬಂದ ವೈ.ಎಸ್. ಮೋಹನ್ ಕುಮಾರ್ ಅವರಿಗೆ ಒಂದು ವಿಷಯ ಕಾಡತೊಡಗಿತು: ಇಷ್ಟು ಚಿಕ್ಕ ಊರಿನಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಮಾನಸಿಕ ಕಾಯಿಲೆ, ಕ್ಯಾನ್ಸರ್ ಇಷ್ಟೊಂದು ಏಕೆ? ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸುತ್ತಿದ್ದ ಎಂಡೋಸಲ್ಫಾನ್ ಎಂಬ ಕೀಟನಾಶಕದ ಕಡೆಗೆ ಬೆರಳು ತೋರಿಸಿದವರಲ್ಲಿ ಅವರು ಮೊದಲಿಗರು. ಅದೇ ಊರಿನ ಪತ್ರಕರ್ತ ಶ್ರೀಪಡ್ರೆ ಕಾಲು ಸೊಟ್ಟಗಾಗಿ ಹುಟ್ಟಿದ ಕರುಗಳ ಬಗ್ಗೆ ಅದಕ್ಕೂ ಮೊದಲೇ ಬರೆದಿದ್ದರು. ಗಡಿಯ ಈಚೆ ಕರ್ನಾಟಕದ ಗೇರು ತೋಟಗಳಲ್ಲೂ ಅದೇ ವಿಷ ಬಿದ್ದಿತ್ತು. ಬೆಳ್ತಂಗಡಿಯ ಕೊಕ್ಕಡ, ಈಗ ಕಡಬಕ್ಕೆ ಸೇರುವ ಕೊಯಿಲ, ಆಲಂಕಾರು ಭಾಗದ ಮನೆಗಳಲ್ಲಿ ಹಾಸಿಗೆ ಬಿಟ್ಟೇಳಲಾರದ ಮಕ್ಕಳು ಬೆಳೆದರು. ಕೊಕ್ಕಡ ಮತ್ತು ಕೊಯಿಲದಲ್ಲಿ ಪಾಲನಾ ಕೇಂದ್ರಗಳು ಬಂದವು. ಸುಪ್ರೀಂ ಕೋರ್ಟು ದೇಶದಲ್ಲಿ ಎಂಡೋಸಲ್ಫಾನನ್ನು ತಡೆದದ್ದು 2011ರ ಮೇ 13ರಂದು.

ಇದರ ಬಗ್ಗೆ ಸಿನಿಮಾ ಬಂದಿದೆ. ಮಲಯಾಳದ ‘ವಲಿಯ ಚಿರಗುಳ್ಳ ಪಕ್ಷಿಗಳ್’ (2015) ಪರಿಸರ ವಿಭಾಗದ ರಾಷ್ಟ್ರಪ್ರಶಸ್ತಿ ಪಡೆಯಿತು. ನಿರ್ದೇಶಕ ಬಿಜು ಸ್ವತಃ ಹೋಮಿಯೋಪತಿ ವೈದ್ಯರು. ಆದರೂ ಅವರು ಕಥೆಯ ನಡುವೆ ನಿಲ್ಲಿಸಿದ್ದು ಒಬ್ಬ ಛಾಯಾಗ್ರಾಹಕನನ್ನು. ಕ್ಯಾಮೆರಾಕ್ಕೆ ಕ್ಯಾಮೆರಾ ಹಿಡಿದವನೇ ಹತ್ತಿರ, ಅದನ್ನು ತಪ್ಪೆನ್ನಲಾಗದು. ವರ್ಷಗಟ್ಟಲೆ ಒಂದೇ ಕುರ್ಚಿಯಲ್ಲಿ ಕೂತು ಒಂದೊಂದೇ ಮನೆಯ ಕಾಯಿಲೆಗಳನ್ನು ತಾಳೆ ನೋಡುವ ಹಳ್ಳಿ ಡಾಕ್ಟರ ಕೆಲಸವನ್ನು ತೆರೆಗೆ ಹೇಗೆ ತರುವುದೆಂಬುದು ಈ ಪ್ರಕಾರದಲ್ಲಿ ಇನ್ನೂ ಬಿಡಿಸದ ಸಮಸ್ಯೆ.

ಈ ನೆಲದ ಯಾವುದೇ ವೈದ್ಯಚಿತ್ರಕ್ಕೆ ಭಾಷೆಯೂ ಸವಾಲು. ಸುಳ್ಯದ ಗೌಡರದು ಅರೆಭಾಷೆ; ಅದಕ್ಕೆ 2011ರಿಂದ ಅಕಾಡೆಮಿಯೂ ಇದೆ. 1971ರಿಂದ ಸಿನಿಮಾ ಆಗುತ್ತಿರುವ ತುಳು ಎಲ್ಲರ ಬಾಯಲ್ಲಿದೆ. ಹವ್ಯಕ, ಬ್ಯಾರಿ, ಕೊಂಕಣಿ, ಮಲಯಾಳ, ಮರಾಟಿ ನಾಯ್ಕರ ಮಾತು ಬೇರೆ. ಇಲ್ಲಿನ ಚಿಕಿತ್ಸಾಲಯದಲ್ಲಿ ಅಜ್ಜಿ ತುಳುವಿನಲ್ಲಿ ಹೊಟ್ಟೆನೋವು ಹೇಳುತ್ತಾಳೆ, ಜೊತೆಗೆ ಬಂದ ಮೊಮ್ಮಗ ಕನ್ನಡದಲ್ಲಿ ತಿದ್ದುತ್ತಾನೆ, ಡಾಕ್ಟರು ಇಂಗ್ಲಿಷಿನಲ್ಲಿ ಬರೆದು ಮದ್ದಿನ ಲೆಕ್ಕವನ್ನು ಮತ್ತೆ ತುಳುವಿನಲ್ಲೇ ಹೇಳುತ್ತಾರೆ. ಅಜ್ಜಿ ಹೇಳಿದ್ದಕ್ಕೂ ಮೊಮ್ಮಗ ತಿದ್ದಿದ್ದಕ್ಕೂ ನಡುವೆ ಇರುವ ವ್ಯತ್ಯಾಸದಲ್ಲೇ ಕೆಲವೊಮ್ಮೆ ರೋಗ ಸಿಗುತ್ತದೆ. ಡಬ್ಬಿಂಗ್ ಕೋಣೆಯಲ್ಲಿ ಎಲ್ಲರ ಬಾಯಿಗೂ ಬೆಂಗಳೂರಿನ ಒಂದೇ ಕನ್ನಡ ತುಂಬಿದರೆ ಆ ವೈದ್ಯರು ಮಾಡಿದ ಕೆಲಸವೇ ಕೇಳಿಸುವುದಿಲ್ಲ.